ಏಳನೆಯ ನಿಜಾಮರು: ಮತಾಂಧರೋ, ಧರ್ಮಪ್ರಭುವೋ?

ಉಟ್ಕೂರು, ಮಖ್ತಲ್, ನಾರಾಯಣಪೇಟೆ, ಗದ್ವಾಲದ ಕಡೆ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಬಂದರೆ ಮಾತು ಎರಡು ದಾರಿ ಹಿಡಿಯುತ್ತದೆ. ಹಿಂದೂ–ಮುಸ್ಲಿಮರನ್ನು ಎರಡು ಕಣ್ಣುಗಳಂತೆ ಕಂಡ ಪ್ರಭು ಎಂಬುದು ಒಂದು. ಹಿಂದೂಗಳನ್ನು ಕಂಡರಾಗದ ಮತಾಂಧ ಎಂಬುದು ಇನ್ನೊಂದು. 1911ರಿಂದ 1948ರವರೆಗೆ ಈ ಸೀಮೆಯನ್ನು ಆಳಿದ ಏಳನೆಯ ನಿಜಾಮರ ದಾಖಲೆಗಳು ಎರಡನ್ನೂ ಪೂರ್ತಿ ಒಪ್ಪುವುದಿಲ್ಲ.

ಹಿಂದೂ ವಿದ್ಯೆಗೆ ಅವರು ಬಿಡಿಗಾಸೂ ಕೊಡಲಿಲ್ಲ ಎಂಬುದು ಸುಳ್ಳು. ಪುಣೆಯ ಭಂಡಾರಕರ ಸಂಸ್ಥೆ ಮಹಾಭಾರತದ ಪರಿಷ್ಕೃತ ಆವೃತ್ತಿಗೆ ಕೈಹಾಕಿದಾಗ ನಿಜಾಮರ ಸರ್ಕಾರ ವರ್ಷಕ್ಕೆ 1,000 ರೂಪಾಯಿ ಮಂಜೂರು ಮಾಡಿತು. ಅಲ್ಲಿನ ಅತಿಥಿಗೃಹಕ್ಕೂ ಅವರ ಹಣ ಹೋಯಿತು, ಅದಕ್ಕೆ ಅವರದೇ ಹೆಸರಿದೆ. ಅಜಂತಾದ ಬೌದ್ಧ ಚಿತ್ರಗಳು ಉದುರುತ್ತಿದ್ದಾಗ ಗುಲಾಂ ಯಜ್ದಾನಿಯವರ ಪುರಾತತ್ವ ಇಲಾಖೆ ಇಟಲಿಯಿಂದ ತಜ್ಞರನ್ನು ಕರೆಸಿತು. ಮಹಾರಾಜ ಕಿಶನ್ ಪ್ರಸಾದ್ ಪ್ರಧಾನಿಯಾಗಿದ್ದರು. ನಮ್ಮ ಪಾಲಮೂರು ಸೀಮೆಯ ವೆಂಕಟರಾಮ ರೆಡ್ಡಿ ಹೈದರಾಬಾದಿನ ಕೊತ್ವಾಲರಾಗಿದ್ದರು. ಗದ್ವಾಲ, ವನಪರ್ತಿ ಸಂಸ್ಥಾನಗಳಲ್ಲಿ ಹಿಂದೂ ಮನೆತನಗಳೇ ಆಳುತ್ತಿದ್ದವು.

ಹಾಗೆಂದು ಪ್ರಜೆಗಳು ಸುಖವಾಗಿದ್ದರು ಎನ್ನುವುದೂ ತಪ್ಪು. 1929ರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು; ಹಲವರು ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಪೂಜೆ, ಪ್ರಚಾರಗಳ ಮೇಲಿನ ನಿರ್ಬಂಧ ಖಂಡಿಸಿ ಆರ್ಯಸಮಾಜ 1938–39ರಲ್ಲಿ ಸತ್ಯಾಗ್ರಹ ನಡೆಸಿತು. ತೆಲುಗು, ಮರಾಠಿ, ಕನ್ನಡ ಆಡುವವರೇ ಹೆಚ್ಚಿದ್ದ ರಾಜ್ಯದಲ್ಲಿ ಆ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳಿತು. ಪುಣೆಗೆ ಕೊಟ್ಟ ಹಣದಿಂದ ಈ ಅನ್ಯಾಯ ಅಳಿಯುವುದಿಲ್ಲ.

ಅವರ ಸ್ವಂತ ನಂಬಿಕೆಯೇ ಬೇರೆ ವಿಷಯ. ಅವರು ಶ್ರದ್ಧಾವಂತ ಮುಸ್ಲಿಮರು. ತಾಯಿಯ ನೆನಪಿಗೆ ಹೈದರಾಬಾದಿನಲ್ಲಿ ಆಶೂರ್‌ಖಾನೆ ಕಟ್ಟಿಸಿದರು. ಒಬ್ಬರ ನಮಾಜಿನಿಂದ ಅವರ ಆಡಳಿತ ಒಳ್ಳೆಯದೋ ಕೆಟ್ಟದೋ ಎಂದು ಅಳೆಯಲಾಗದು.

ಸಶಸ್ತ್ರ ಸ್ವಯಂಸೇವಕರಾದ ರಜಾಕಾರರನ್ನು ನಿಜಾಮರೇ ಹುಟ್ಟುಹಾಕಿದರು ಎಂಬ ಮಾತಿದೆ. ಆ ಪಡೆ ಮಜ್ಲಿಸ್-ಎ-ಇತ್ತೆಹಾದ್ ಪಕ್ಷದ್ದು, ನಾಯಕ ಕಾಸಿಂ ರಜ್ವಿ. ತಾವು ಆ ಪಡೆಯ ಕೈಗೆ ಸಿಕ್ಕಿಬಿದ್ದಿದ್ದಾಗಿ ನಿಜಾಮರು 1948ರ ಸೆಪ್ಟೆಂಬರ್‌ನಲ್ಲಿ ರೇಡಿಯೊದಲ್ಲಿ ಹೇಳಿಕೊಂಡರು. ಖಜಾನೆ, ಸೈನ್ಯ, ಫರ್ಮಾನು ಎಲ್ಲವೂ ಅವರ ಹೆಸರಿನಲ್ಲೇ ಇದ್ದಾಗ ಆ ಸಮಜಾಯಿಷಿ ಸಾಲದು. ರಜಾಕಾರರ ದಾಳಿಗಳಲ್ಲಿ ಹಳ್ಳಿಗಳು ಉರಿದ ಹೊಣೆಯಲ್ಲಿ ಅವರಿಗೂ ಪಾಲಿದೆ. ಭಾರತ ಹೈದರಾಬಾದನ್ನು ಸೇರಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ನಂತರ ಸತ್ತ ನಿರಪರಾಧಿ ಮುಸ್ಲಿಮರನ್ನೂ ಮರೆಯಬಾರದು. ಭಾರತ ಸರ್ಕಾರ ಕಳುಹಿಸಿದ ಸುಂದರಲಾಲ್ ಸಮಿತಿ ಆ ಸಾವುಗಳನ್ನು 27,000ದಿಂದ 40,000 ಎಂದು ಅಂದಾಜಿಸಿತು. ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್‌ನಲ್ಲೇ ಹೆಚ್ಚು.

1965ರಲ್ಲಿ ನಿಜಾಮರು ದೇಶಕ್ಕೆ ಐದು ಟನ್ ಚಿನ್ನ ದಾನ ಕೊಟ್ಟರು ಎಂಬುದು ವಾಟ್ಸಾಪ್‌ನಲ್ಲಿ ಇಂದಿಗೂ ಓಡಾಡುವ ಕಥೆ. ಅವರು ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಹೂಡಿದ್ದು 425 ಕಿಲೋ, ಅದೂ ಶೇ. 6.5 ಬಡ್ಡಿಗೆ.

ನಿಜಾಮರ ಕಾಲದ ಕಡತಗಳು ಹೈದರಾಬಾದಿನ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ. 1948ನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಊರುಗಳಲ್ಲಿ ಈಗ ಬೆರಳೆಣಿಕೆಯಷ್ಟು. ಉಟ್ಕೂರಿನ ಕನ್ನಡ, ತೆಲುಗು, ಉರ್ದು ಮನೆಗಳ ಮಕ್ಕಳು ಆ ಅಜ್ಜ-ಅಜ್ಜಿಯರ ಬಳಿ ಕೂತು, ಎರಡೂ ಕಡೆಯ ನೋವನ್ನು ಈಗಲೇ ಬರೆದಿಟ್ಟುಕೊಳ್ಳಲಿ.