ಲ್ಯಾಪ್‌ಟಾಪ್ ಮೇಲೆ ಎಳನೀರು ಚೆಲ್ಲಿದಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗೆ ನೆಂಟರು ಬಂದರೆ ಎಳನೀರು ಕೊಡುವುದು ವಾಡಿಕೆ. ಅದೇ ಮನೆಯ ಮೇಜಿನ ಮೇಲೆ ಈಗ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಮಗಳ ಕಾಲೇಜಿನ ಪ್ರಾಜೆಕ್ಟ್ ವರದಿ, ಕೊಬ್ಬರಿ ಮಾರಿದ ಲೆಕ್ಕ, ಮದುವೆಯ ಫೋಟೋಗಳು ಎಲ್ಲವೂ ಅದರೊಳಗೆ. ಕೈ ತಾಗಿ ಲೋಟ ಉರುಳಿತೆನ್ನಿ. ಎಳನೀರು ಕೀಲಿಮಣೆಯ ಸಂದಿಯಲ್ಲಿ ಇಳಿಯಿತು. ಪರದೆ ಮಾತ್ರ ಇನ್ನೂ ಬೆಳಗುತ್ತಿದೆ. "ಏನೂ ಆಗಿಲ್ಲ" ಎಂದು ಮೇಲೆ ಒರೆಸಿ ಕೆಲಸ ಮುಂದುವರಿಸುತ್ತೇವೆ. ನಿಜವಾದ ಹಾನಿ ಆಗುವುದು ಆಗಲೇ.

ಚೆಲ್ಲಿದ್ದು ಬರೀ ನೀರಲ್ಲ

ಶುದ್ಧ ನೀರು ವಿದ್ಯುತ್ತಿನ ದುರ್ಬಲ ವಾಹಕ. ಅದರಲ್ಲಿ ಲವಣ ಕರಗಿದಾಗ ಉಂಟಾಗುವ ಅಯಾನುಗಳು ವಿದ್ಯುತ್ತನ್ನು ಸಾಗಿಸುತ್ತವೆ. 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಜೊತೆಗೆ ಸೋಡಿಯಂ ಮತ್ತು ಸಕ್ಕರೆ. ದಣಿದ ದೇಹಕ್ಕೆ ಹಿತವಾದ ಈ ಲವಣಗಳೇ ಲ್ಯಾಪ್‌ಟಾಪಿಗೆ ವಿಷ. ಉಪ್ಪು ಹಾಕಿದ ಮಜ್ಜಿಗೆ, ಸಕ್ಕರೆ ಬೆರೆತ ಕಾಫಿ, ಗಡಸು ಬೋರ್‌ವೆಲ್ ನೀರು ಕೂಡ ಇದೇ ಗುಂಪಿಗೆ ಸೇರುತ್ತವೆ.

ಒಳಗೆ ನಡೆಯುವುದೇನು?

ಅನೇಕ ಲ್ಯಾಪ್‌ಟಾಪುಗಳ ಅಡಾಪ್ಟರ್ ಸುಮಾರು 19-20 ವೋಲ್ಟ್ ಒದಗಿಸುತ್ತದೆ. ಒಳಗಿನ ಮುಖ್ಯ ಫಲಕದಲ್ಲಿ ತಾಮ್ರದ ಗೆರೆಗಳ ನಡುವಿನ ಅಂತರ ಎಷ್ಟೋ ಕಡೆ ಒಂದು ಮಿಲಿಮೀಟರಿಗಿಂತ ಕಡಿಮೆ. ಎರಡು ಗೆರೆಗಳ ನಡುವೆ ಎಳನೀರು ನಿಂತರೆ ವಿದ್ಯುದ್ವಿಭಜನೆ ಆರಂಭವಾಗುತ್ತದೆ. ಧನ ತುದಿಯ ತಾಮ್ರ ಕರಗಿ ಋಣ ತುದಿಯಲ್ಲಿ ಕೂರುತ್ತದೆ. ಕೆಲವೊಮ್ಮೆ ಸೂಜಿಯಂತೆ ಬೆಳೆದು ಎರಡು ಗೆರೆಗಳನ್ನು ಸೇರಿಸಿಬಿಡುತ್ತದೆ. ಇತ್ತ ತೆಳುವಾದ ಗೆರೆ ಸವೆದು ತುಂಡಾಗುತ್ತದೆ. ಇದಕ್ಕೆ ಬೇಕಾದದ್ದು ದ್ರವ ಮತ್ತು ವಿದ್ಯುತ್, ಎರಡೂ. ಆಫ್ ಮಾಡಿದ ಮೇಲೂ ಬ್ಯಾಟರಿ ಜೋಡಣೆಯಲ್ಲಿದ್ದರೆ ಕೆಲವು ಗೆರೆಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಕೂಡಲೇ ಮಾಡಬೇಕಾದದ್ದು

1. ಕೈ ಒರೆಸಿಕೊಂಡು ಗೋಡೆಯ ಸ್ವಿಚ್ ಆಫ್ ಮಾಡಿ, ನಂತರ ಚಾರ್ಜರ್ ಕೀಳಿ.
2. ಪವರ್ ಗುಂಡಿಯನ್ನು ಯಂತ್ರ ಆರುವವರೆಗೆ, ಸುಮಾರು 10 ಸೆಕೆಂಡು, ಒತ್ತಿ ಹಿಡಿಯಿರಿ. ಕಡತ ಉಳಿಸಲು ಕಾಯಬೇಡಿ.
3. ಬ್ಯಾಟರಿ ಹೊರತೆಗೆಯುವಂಥದ್ದಾದರೆ ತೆಗೆಯಿರಿ. ಒಳಗೇ ಇದ್ದರೆ ಅದರ ಸಂಪರ್ಕ ಬಿಡಿಸಲು ಅದೇ ದಿನ ತಂತ್ರಜ್ಞರ ಬಳಿ ಒಯ್ಯಿರಿ.
4. ಪೆನ್‌ಡ್ರೈವ್, ಮೌಸ್ ಕಿತ್ತು, ಟವೆಲಿನ ಮೇಲೆ ಡೇರೆಯಂತೆ ಬೋರಲಾಗಿ ನಿಲ್ಲಿಸಿ. ಬಂದ ದಾರಿಯಲ್ಲೇ ದ್ರವ ಇಳಿಯಲಿ. ಅಲುಗಾಡಿಸಬೇಡಿ.
5. "ಒಮ್ಮೆ ನೋಡೋಣ" ಎಂದು ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ.

ಬ್ಯಾಟರಿ ಉಬ್ಬಿದರೆ, ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ದೂರ ಸರಿಯಿರಿ. ಸುರಕ್ಷಿತವಾಗಿ ಎತ್ತಲು ಆಗುವಂತಿದ್ದರೆ ಮಾತ್ರ ಬಯಲಿನಲ್ಲಿಡಿ. ತೆಂಗಿನ ಮಟ್ಟೆ, ನಾರಿನ ರಾಶಿಯ ಹತ್ತಿರ ಬೇಡ.

ಒಣಗಿದರೆ ಸಾಲದು

ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಪ್ರಯೋಜನಕ್ಕೆ ಬಾರದು. ಚಿಪ್ಪಿನ ಅಡಿಯಲ್ಲಿ ಸಿಕ್ಕಿಕೊಂಡ ದ್ರವವನ್ನು ಅಕ್ಕಿ ಹೀರಲಾರದು. ಅದರ ಧೂಳು ಮಾತ್ರ ಒಳಸೇರುತ್ತದೆ. ಬಿಸಿಲು, ಹೇರ್ ಡ್ರೈಯರ್ ಶಾಖದಿಂದ ಬ್ಯಾಟರಿ, ಪರದೆ, ಪ್ಲಾಸ್ಟಿಕ್ ಕೆಡುತ್ತವೆ. ಅಟ್ಟದಲ್ಲಿಟ್ಟ ತೆಂಗಿನಕಾಯಿಯ ನೀರು ಇಂಗಿ ಉಂಡೆ ಕೊಬ್ಬರಿಯಾಗಲು 8-12 ತಿಂಗಳು ಬೇಕೆಂಬುದು ಇಲ್ಲಿನವರಿಗೆ ಗೊತ್ತು. ಮುಚ್ಚಿದ ಜಾಗದ ತೇವ ಬೇಗ ಹೊರಬರುವುದಿಲ್ಲ.

ಇನ್ನೊಂದು ತೊಡಕಿದೆ. ನೀರು ಆರಿದರೂ ಲವಣ, ಸಕ್ಕರೆ ಅಲ್ಲೇ ಅಂಟಿರುತ್ತವೆ. ಮಳೆಗಾಲದ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತವೆ. ಸವೆತ ಮತ್ತೆ ಶುರುವಾಗುತ್ತದೆ. "ತಿಂಗಳು ಚೆನ್ನಾಗಿಯೇ ಇತ್ತು, ಆಮೇಲೆ ಕೆಟ್ಟಿತು" ಎನ್ನುವುದಕ್ಕೆ ಇದು ಒಂದು ಕಾರಣ.

ಆದ್ದರಿಂದ ತೊಳೆಯುವುದು ಅಗತ್ಯ. ತಂತ್ರಜ್ಞರು ಬ್ಯಾಟರಿ ಬಿಡಿಸಿ, ಫಲಕವನ್ನು ಹೊರತೆಗೆದು, ಬಟ್ಟಿ ಇಳಿಸಿದ ನೀರು ಮತ್ತು ಮೆದು ಬ್ರಷ್‌ನಿಂದ ಉಜ್ಜುತ್ತಾರೆ. ಸಕ್ಕರೆ ಆಲ್ಕೊಹಾಲಿನಲ್ಲಿ ಚೆನ್ನಾಗಿ ಕರಗದ ಕಾರಣ ಮೊದಲು ನೀರೇ ಬೇಕು. ಬಳಿಕ ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದರೆ ಉಳಿದ ನೀರು ಹೋಗುತ್ತದೆ. ಅದು ಬೇಗ ಹೊತ್ತಿಕೊಳ್ಳುವ ದ್ರವ. ಹತ್ತಿರ ಬೆಂಕಿ ಇರಬಾರದು. ಏನು ಚೆಲ್ಲಿತು, ಯಾವಾಗ ಚೆಲ್ಲಿತು ಎಂಬುದನ್ನು ತಂತ್ರಜ್ಞರಿಗೆ ಮುಚ್ಚಿಡದೆ ಹೇಳಿ. ಸಾಮಾನ್ಯ ವಾರಂಟಿಯಲ್ಲಿ ದ್ರವದಿಂದಾದ ಹಾನಿಗೆ ಪರಿಹಾರ ಬಹುತೇಕ ಸಿಗುವುದಿಲ್ಲ.

ಮಾಹಿತಿ ಹೋಯಿತೇ?

ಯಂತ್ರ ಸತ್ತರೆ ಮಾಹಿತಿಯೂ ಸತ್ತಿತೆಂದಲ್ಲ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಬಿಡಿಯಾಗಿದ್ದು ಒದ್ದೆಯಾಗದಿದ್ದರೆ, ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಗೂಢಲಿಪಿ ರಕ್ಷಣೆ ಇದ್ದರೆ ಅದರ ಕೀಲಿಸಂಖ್ಯೆ ಬೇಕು. ಫಲಕಕ್ಕೇ ಬೆಸೆದ ಮಾದರಿಗಳಲ್ಲಿ ಮಾತ್ರ ಇದು ಕಷ್ಟ.

ಲ್ಯಾಪ್‌ಟಾಪನ್ನು ಮತ್ತೆ ಕೊಳ್ಳಬಹುದು, ಮೂರು ವರ್ಷದ ಓದಿನ ಬರಹವನ್ನು ಕೊಳ್ಳಲಾಗದು. ವಾರಕ್ಕೊಮ್ಮೆ ಅದರ ಪ್ರತಿಯನ್ನು ಬೇರೆಡೆ ಉಳಿಸಿ. ಎಳನೀರಿನ ಲೋಟವನ್ನು ಬೇರೆ ಮೇಜಿನ ಮೇಲಿಡಿ.