ಸುಣ್ಣಕಲ್ಲಿನ ಗವಿಗಳು ಮತ್ತು ಆದಿಮಾನವ

ಆದಿಮಾನವನೆಂದರೆ ಗುಹಾವಾಸಿ ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಉಂಟು. ವಾಸ್ತವವಾಗಿ ಅವನ ಬಾಳು ಬಹುಮಟ್ಟಿಗೆ ಸಾಗಿದ್ದು ಹೊಳೆಯ ದಡಗಳಲ್ಲಿ, ತೆರೆದ ಬಯಲುಗಳಲ್ಲಿ. ಆದರೆ ಬಯಲಿನಲ್ಲಿ ಕಲ್ಲಿನ ಆಯುಧವು ಉಳಿಯುತ್ತದೆ. ಎಲುಬು ಬಿಸಿಲುಮಳೆಗಳಿಗೂ ಮಣ್ಣಿನ ಹುಳಿಗೂ ಸಿಕ್ಕಿ ಅಳಿಯುತ್ತದೆ. ಗವಿಯಲ್ಲಾದರೋ ಎರಡೂ ಉಳಿಯಬಲ್ಲವು. ಗವಿಯು ಮಾನವನಿಗೆ ಮನೆಯಾಗಿದ್ದುದಕ್ಕಿಂತ ಹೆಚ್ಚಾಗಿ ಅವನ ಚರಿತ್ರೆಗೆ ಉಗ್ರಾಣವಾಗಿದೆ.

ಅದರಲ್ಲಿಯೂ ಸುಣ್ಣಕಲ್ಲಿನ ಗವಿಗೆ ಒಂದು ವಿಶೇಷವುಂಟು. ಮಳೆಯ ನೀರು ಗಾಳಿಯಿಂದಲೂ ನೆಲದಿಂದಲೂ ಇಂಗಾಲಾಮ್ಲವನ್ನು ಹೀರಿ ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಕಲ್ಲನ್ನು ಕರಗಿಸಿ ಗವಿಯನ್ನು ಕೊರೆಯುತ್ತದೆ. ಅದೇ ನೀರು ಒಳಗೆ ತೊಟ್ಟಿಕ್ಕುವಾಗ, ಕರಗಿದ ಸುಣ್ಣವನ್ನು ನೆಲದ ಮೇಲೆ ಹೊದಿಸುತ್ತದೆ. ಕೆಳಗಿರುವ ಎಲುಬು ಬೂದಿಗಳಿಗೆ ಅದು ಅರಗಿನ ಮುದ್ರೆಯಂತೆ. ಸುಣ್ಣವು ಮಣ್ಣಿನ ಹುಳಿಯನ್ನು ಮುರಿಯುವುದರಿಂದ ಎಲುಬು ಕರಗದೆ ಉಳಿಯುತ್ತದೆ.

ನಮ್ಮ ನೆರೆಯ ಕರ್ನೂಲು ಸೀಮೆಯಲ್ಲಿ, ಬೇತಂಚೆರ್ಲದ ಬಳಿ, ಬಿಲ್ಲಸುರ್ಗಂ ಎಂಬ ಗವಿಗಳಿವೆ. ಇಲ್ಲಿನ ಎಲುಬುಗಳ ವಿಷಯವನ್ನು 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಪ್ರಕಟಪಡಿಸಿದನು. 1880ರ ದಶಕದಲ್ಲಿ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ತನ್ನ ಮಗ ಹೆನ್ರಿಯೊಡನೆ ಗವಿಗಳನ್ನು ಅಗೆಸಿದನು. ಅಲ್ಲಿ ದೊರೆತ, ಈಗ ನಿರ್ವಂಶವಾಗಿರುವ ಒಂದು ಜಾತಿಯ ಖಡ್ಗಮೃಗಕ್ಕೆ 1886ರಲ್ಲಿ ಲಿಡೆಕ್ಕರ್ ಎಂಬ ಪಂಡಿತನು ಕರ್ನೂಲಿನ ಹೆಸರನ್ನೇ ಇಟ್ಟನು. ಕೆಲವು ಎಲುಬುಗಳು ಮನುಷ್ಯನು ಕೆತ್ತಿದ ಉಪಕರಣಗಳೆಂದು ಫೂಟನ ಮತ.

ಶ್ರೋತೃಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು. ಆ ಎಲುಬುಗಳಲ್ಲಿ ಮನುಷ್ಯನ ಕೈವಾಡವಿದೆ ಎಂಬುದಕ್ಕೆ ಆಧಾರವೇನು? ಕತ್ತೆಕಿರುಬ, ಮುಳ್ಳುಹಂದಿಗಳೂ ಎಲುಬನ್ನು ಗವಿಗೆ ಒಯ್ದು ಕಡಿಯುತ್ತವಷ್ಟೆ! ಪ್ರಶ್ನೆ ನ್ಯಾಯವಾದುದೇ. 1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯನ್ನು ಶೋಧಿಸಿದಾಗ, ಕಲ್ಲಿನ ಅಲಗುಗಳಲ್ಲದೆ ಒಂದು ಒಲೆಯ ನೆಲೆಯೂ ಕಂಡುಬಂದಿತು. ಮೃಗವು ಎಲುಬನ್ನು ತರಬಲ್ಲುದು, ಒಲೆಯನ್ನು ಹೂಡಲಾರದು. ಬೆಂಕಿಯಲ್ಲಿ ಕಾದ ವಸ್ತುವನ್ನು ಮತ್ತೆ ಕಾಯಿಸಿ, ಅದು ಹೊರಸೂಸುವ ಬೆಳಕನ್ನು ಅಳೆಯುವ ವಿಧಾನದಿಂದ, ಆ ಒಲೆ ಸುಮಾರು 17 ಸಾವಿರ ವರ್ಷಗಳ ಹಿಂದಿನದೆಂದು ಗೊತ್ತಾಯಿತು.

ಇಂಥ ನಿರ್ಣಯಕ್ಕೆ ವಸ್ತುವಷ್ಟೇ ಸಾಲದು. ಅದು ಬಿದ್ದಿದ್ದ ಎಡೆಯೂ ಬೇಕು. ಅಲಗು, ಎಲುಬು, ಬೂದಿ ಕದಲದ ಒಂದೇ ಪದರದಲ್ಲಿದ್ದರೆ ಮಾತ್ರ ಒಂದರ ಕಾಲವನ್ನು ಇನ್ನೊಂದು ಹೇಳುತ್ತದೆ. ಬೇತಂಚೆರ್ಲದ ಸುಣ್ಣಕಲ್ಲು ಚಪ್ಪಡಿಗಳಾಗಿ ಎಷ್ಟೋ ಮನೆಗಳ ನೆಲಕ್ಕೆ ಬಂದಿದೆ. ಅದು ತಪ್ಪಲ್ಲ, ಆದರೆ ಕಲ್ಲೊಡೆಯುವ ಸಿಡಿಮದ್ದಾಗಲಿ ನಿಧಿಗಳ್ಳನ ಗುದ್ದಲಿಯಾಗಲಿ ಗವಿಯ ನೆಲವನ್ನು ಮುಟ್ಟಬಾರದು. ಪದರ ಕಲಕಿದ ಮೇಲೆ ಎಲುಬು ಎಲುಬಾಗಿ ಉಳಿದೀತು, ಸಾಕ್ಷಿಯಾಗಿ ಉಳಿಯದು.