ಅಡುಗೆಮನೆಯಲ್ಲಿ ಹಳೆಯದರ ಬದಲಾವಣೆ

ನಮ್ಮ ಮನೆಗಳಲ್ಲಿ ಅತ್ಯಂತ ಹೆಚ್ಚಿನ ಮಾರ್ಪಾಟು ಕಂಡಿರುವ ಭಾಗ ಯಾವುದೆಂದು ಕೇಳಿದರೆ ಅಡುಗೆಮನೆಯೆಂದೇ ಹೇಳಬೇಕು. ಕೆಲವು ತಲೆಮಾರುಗಳ ಹಿಂದೆ ಅಲ್ಲಿ ಮಣ್ಣಿನ ಒಲೆ, ಒರಳುಕಲ್ಲು, ಬೀಸುವ ಕಲ್ಲುಗಳು ಇದ್ದವು. ಒಲೆ ಬಿರುಕುಬಿಟ್ಟರೆ ಮನೆಯ ಹೆಂಗಸರೇ ಮಣ್ಣು ಕಲಸಿ ಮೆತ್ತಿ ಸರಿಪಡಿಸುತ್ತಿದ್ದರು. ಒರಳು ಸವೆದು ನುಣುಪಾದರೆ ಕಲ್ಲುಕುಟಿಗನು ಬಂದು ಉಳಿಯಿಂದ ಅದರ ಮೈಯನ್ನು ಒರಟು ಮಾಡಿಕೊಡುತ್ತಿದ್ದನು. ಇಂದು ಗ್ಯಾಸ್ ಒಲೆ, ಕುಕ್ಕರ್, ಮಿಕ್ಸಿಗಳು ಆ ಸ್ಥಾನವನ್ನು ಪಡೆದಿವೆ. ಇವೂ ಸವೆಯುತ್ತವೆ, ಹಳತಾಗುತ್ತವೆ. ಆಗ ಅವುಗಳನ್ನು ನಾವೇ ಬದಲಿಸಬಹುದೆ? ಬಹುಮಟ್ಟಿಗೆ ಬದಲಿಸಬಹುದು. ಆದರೆ ಕೈಯಲ್ಲಿರುವ ಭಾಗವು ಯಾವ ಕೆಲಸಕ್ಕಾಗಿ ಅಲ್ಲಿದೆ ಎಂಬುದನ್ನು ಅರಿಯದೆ ಕೈಹಾಕಿದವನು ಅಪಾಯವನ್ನು ಆಹ್ವಾನಿಸಿದಂತೆಯೇ ಸರಿ.

ಕುಕ್ಕರನ್ನೇ ತೆಗೆದುಕೊಳ್ಳೋಣ. ಇದು ಇತ್ತೀಚಿನ ಸೃಷ್ಟಿಯೆಂದು ನಾವು ಭಾವಿಸುವುದುಂಟು. ಆದರೆ ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬ ವಿಜ್ಞಾನಿಯು 1679ರಷ್ಟು ಹಿಂದೆಯೇ ಬಿಗಿಯಾದ ಮುಚ್ಚಳವುಳ್ಳ ಇಂತಹ ಪಾತ್ರೆಯೊಂದನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದ್ದನು. 1682ರಲ್ಲಿ ಅಲ್ಲಿನ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲಿ ಬೇಯಿಸಿದ ಊಟವನ್ನೂ ಬಡಿಸಿದನು. ಒತ್ತಡವು ಮಿತಿಮೀರಿ ಪಾತ್ರೆ ಸಿಡಿಯದಿರಲೆಂದು ತೂಕವಿರಿಸಿದ ಒಂದು ಕವಾಟವನ್ನು ಅವನು ಅಳವಡಿಸಿದ್ದನು.

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆ. ಅಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಆವಿ ಹೊರಹೋಗಲಾರದೆ ಒತ್ತಡ ಹೆಚ್ಚುವುದರಿಂದ ಕುದಿಯುವ ಉಷ್ಣತೆಯು 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಇದೇ. ಈ ಒತ್ತಡವನ್ನು ಹಿಡಿದಿಡುವುದು ಮುಚ್ಚಳದ ಅಂಚಿನ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್. ಶಾಖಕ್ಕೂ ಎಣ್ಣೆಗೂ ಸಿಕ್ಕಿ ರಬ್ಬರು ಕ್ರಮೇಣ ಗಡುಸಾಗುತ್ತದೆ. ಆಗ ಆವಿಯು ಪಕ್ಕದಿಂದ ಸೋರಿ ಸೀಟಿಯೇ ಬಾರದು. ಅದೇ ತಯಾರಕರ, ಅದೇ ಅಳತೆಯ ಹೊಸ ಬಳೆಯನ್ನು ಹಾಕುವುದು ಮಕ್ಕಳೂ ಮಾಡಬಹುದಾದ ಕೆಲಸ.

ಮುಚ್ಚಳದ ಮೇಲಿನ ಸುರಕ್ಷಾ ಕವಾಟದ ವಿಷಯ ಬೇರೆ. ಅನೇಕ ಕುಕ್ಕರುಗಳಲ್ಲಿ ಇದರೊಳಗೆ ಬೇಗ ಕರಗುವ ಮಿಶ್ರಲೋಹದ ಬಿರಡೆಯಿರುತ್ತದೆ. ಸೀಟಿಯ ರಂಧ್ರ ಕಟ್ಟಿಕೊಂಡು ಒತ್ತಡ ಹೆಚ್ಚಿದಾಗಲೋ ನೀರು ಬತ್ತಿಹೋದಾಗಲೋ ಉಷ್ಣತೆ ಏರಿ ಲೋಹವು ಕರಗಿ, ಆವಿಗೆ ದಾರಿಯಾಗುತ್ತದೆ. ಕವಾಟ ಹೋಯಿತೆಂದು ಹಲುಬುವ ಬದಲು ಮನೆಯವರು ಉಳಿದರೆಂದು ಸಮಾಧಾನಪಡಬೇಕು. ಹೀಗಿರುವಾಗ ಕೆಲವರು ನಾಲ್ಕು ಕಾಸು ಉಳಿಸಲು ಆ ರಂಧ್ರಕ್ಕೆ ಮೊಳೆಯನ್ನೋ ಸೀಸವನ್ನೋ ತುಂಬಿಬಿಡುತ್ತಾರೆ. ಇದು ಕಾವಲುಗಾರನ ಕೈಕಾಲು ಕಟ್ಟಿ ಬಾಗಿಲಲ್ಲಿ ಕೂರಿಸಿದಂತೆ.

ಗ್ಯಾಸ್ ಒಲೆಯ ವಿಚಾರದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್ ಅನಿಲಗಳು. ಒತ್ತಡಕ್ಕೊಳಗಾಗಿ ಅವು ದ್ರವರೂಪದಲ್ಲಿರುತ್ತವೆ. ಹೊರಬಂದರೆ ಸುಮಾರು 250 ಪಟ್ಟು ಹಿಗ್ಗುತ್ತವೆ. ಇವುಗಳಿಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲವು ಮೇಲೇರದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ನೂರು ಭಾಗದಲ್ಲಿ ಎರಡು ಭಾಗದಷ್ಟು ಗಾಳಿಯಲ್ಲಿ ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ವಿದ್ಯುತ್ ಗುಂಡಿಯನ್ನು ಒತ್ತಿದಾಗ ಹುಟ್ಟುವ ಕಿಡಿಯೂ ಕಿಡಿಯೇ.

ಈ ವ್ಯವಸ್ಥೆಯಲ್ಲಿ ಬೇಗ ಹಳತಾಗುವುದು ರಬ್ಬರ್ ಕೊಳವೆ. ಒಳಗೆ ತಂತಿಯ ಹೆಣಿಗೆಯಿರುವ ಸುರಕ್ಷಾ ಕೊಳವೆಗೂ ಐದು ವರ್ಷಗಳ ಅವಧಿಯೆಂದು ಗೊತ್ತುಮಾಡಿದ್ದಾರೆ. ಅದಕ್ಕೆ ಮೊದಲೇ ಬಿರುಕು ಕಂಡರೆ ಕಾಯಬಾರದು. ಬದಲಿಸುವಾಗ ಹಿರಿಯರ ಎದುರಿನಲ್ಲಿಯೇ ಬದಲಿಸಬೇಕು. ಕಿಟಕಿಗಳನ್ನು ತೆರೆದು, ದೇವರ ಮನೆಯ ದೀಪವೂ ಸೇರಿದಂತೆ ಉರಿಯುವುದೆಲ್ಲವನ್ನೂ ಆರಿಸಿ, ರೆಗ್ಯುಲೇಟರನ್ನು ಕಳಚಿ ಸಿಲಿಂಡರಿನ ಬಾಯಿಗೆ ಮುಚ್ಚಳ ತೊಡಿಸಿದ ಮೇಲೆಯೇ ಹಳೆಯ ಕೊಳವೆಯನ್ನು ಎಳೆಯತಕ್ಕದ್ದು. ಹೊಸದು ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ಎರಡು ತುದಿಗಳೂ ನಳಿಕೆಯ ಮೇಲೆ ಪೂರ್ತಿಯಾಗಿ ಕೂರಬೇಕು. ಬಳಿಕ ಜೋಡಣೆಗಳಿಗೆ ಸಾಬೂನಿನ ನೀರನ್ನು ಹಚ್ಚಿ ಅನಿಲವನ್ನು ಬಿಟ್ಟು ನೋಡಿದರೆ, ಸೋರುವೆಡೆಯಲ್ಲಿ ಗುಳ್ಳೆಗಳು ಏಳುತ್ತವೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಹುಂಬತನ ಯಾರಿಗೂ ಬೇಡ. ರೆಗ್ಯುಲೇಟರು ಕೆಟ್ಟರೆ ಅದನ್ನು ಬಿಚ್ಚಿ ನೋಡಬಾರದು, ಸಂತೆಯಲ್ಲಿ ಕೊಳ್ಳಲೂಬಾರದು. ಅನಿಲ ವಿತರಕರಲ್ಲಿಯೇ ಬದಲಾಯಿಸಿಕೊಳ್ಳಬೇಕು.

ಈಚೆಗೆ ಗ್ಯಾಸ್ ಒಲೆಯ ಜೊತೆಗೆ ಇಂಡಕ್ಷನ್ ಒಲೆಯೂ ಮನೆಗಳನ್ನು ಸೇರುತ್ತಿದೆ. ತಂತಿಸುರುಳಿಯಲ್ಲಿ ಹುಟ್ಟುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿಯೇ ಶಾಖವನ್ನುಂಟುಮಾಡುವುದು ಇದರ ವೈಶಿಷ್ಟ್ಯ. ಅಯಸ್ಕಾಂತವು ಅಂಟದ ಸಾಮಾನ್ಯ ಅಲ್ಯೂಮಿನಿಯಂ ಅಥವಾ ತಾಮ್ರದ ಪಾತ್ರೆ ಇದರ ಮೇಲೆ ಕಾಯುವುದಿಲ್ಲ. ಹೀಗಾಗಿ ಒಲೆ ಬದಲಿಸಹೊರಟವರು ಪಾತ್ರೆಗಳನ್ನೂ ಬದಲಿಸಬೇಕಾಗಿ ಬಂದು ಪೇಚಾಡುವುದುಂಟು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. 2,000 ವಾಟ್ ಸಾಮರ್ಥ್ಯದ ಒಲೆಯು 230 ವೋಲ್ಟಿನಲ್ಲಿ ಎಷ್ಟು ವಿದ್ಯುತ್ತನ್ನು ಎಳೆಯುತ್ತದೆ? ಭಾಗಿಸಿ ನೋಡಿ: ಸುಮಾರು 8.7 ಆಂಪಿಯರ್. ದೀಪಕ್ಕೂ ಫ್ಯಾನಿಗೂ ಹಾಕಿಸಿದ ಸಾಕೆಟ್ಟು 6 ಆಂಪಿಯರಿನದು. ವಿದ್ಯುತ್ ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಹಾಗೆಂದು ಸಾಕೆಟ್ಟನ್ನು ಮಾತ್ರ ಕಿತ್ತು 16 ಆಂಪಿಯರಿನದನ್ನು ಕೂರಿಸಿದರೆ ಪ್ರಯೋಜನವಿಲ್ಲ. ಗೋಡೆಯೊಳಗಿನ ತೆಳು ತಂತಿ ಹಾಗೆಯೇ ಉಳಿದು, ಕಣ್ಣಿಗೆ ಕಾಣದ ಕಡೆ ಕಾಯುತ್ತಿರುತ್ತದೆ. ಈ ಕೆಲಸ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನದು.

ಹೊಸದು ಬಂದ ಮೇಲೆ ಹಳೆಯದರ ಗತಿಯೇನು? ಅಲ್ಯೂಮಿನಿಯಂ ಕುಕ್ಕರನ್ನು ಕರಗಿಸಿ ಮತ್ತೆ ಲೋಹವಾಗಿಸಲು, ಅದಿರಿನಿಂದ ತೆಗೆಯಲು ತಗಲುವ ಶಕ್ತಿಯ ಇಪ್ಪತ್ತನೆಯ ಒಂದು ಭಾಗ ಸಾಕು. ಆದುದರಿಂದಲೇ ಹಳೆಯ ಪಾತ್ರೆಯವನು ಅದಕ್ಕೆ ಸಂತೋಷದಿಂದ ಬೆಲೆ ಕೊಡುತ್ತಾನೆ. ಮಿಕ್ಸಿಯ ಮೋಟಾರಿನಲ್ಲಿ ತಾಮ್ರದ ತಂತಿಯಿದೆ. ಅದಕ್ಕಾಗಿ ಕೆಲವೆಡೆ ತಂತಿಯ ಹೊದಿಕೆಯನ್ನು ಬಯಲಿನಲ್ಲಿ ಸುಡುತ್ತಾರೆ, ಹೊಗೆ ಊರಿಗೆಲ್ಲ ಹರಡುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮನೆಬಳಕೆಯ ಇಂತಹ ವಿದ್ಯುತ್ ಉಪಕರಣಗಳನ್ನೂ ಒಳಗೊಂಡಿದ್ದು, ಅವುಗಳ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.